ಜಪಾನಿಗೆ ವಂಡರ್ ವುಮನ್, ನಮಗೆ ಚಾಮುಂಡಿ: ಹೆಣ್ಣು ಹೀರೊನ ಮಾರೋದು ಹೇಗೆ?

2025ರ ನವೆಂಬರಿನಲ್ಲಿ ಟಿ. ನರಸೀಪುರದ ಅಕ್ಕನ ಮನೆಗೆ ಹೋಗಿದ್ದೆ. ಪಿಯುಸಿ ಓದುವ ಅಕ್ಕನ ಮಗಳು ಮೊಬೈಲಿನಲ್ಲಿ ‘ಲೋಕಾ’ ನೋಡುತ್ತಿದ್ದಳು, ಕನ್ನಡದಲ್ಲಿ. ಡಾಮಿನಿಕ್ ಅರುಣ್ ನಿರ್ದೇಶನದ ಮಲಯಾಳಂ ಸಿನಿಮಾ ಅದು. ಕಲ್ಯಾಣಿ ಪ್ರಿಯದರ್ಶನ್ ಸೂಪರ್‌ಹೀರೊ, ಕಥೆ ನಡೆಯುವುದು ಬೆಂಗಳೂರಲ್ಲಿ. ಆಗಸ್ಟ್ 28ಕ್ಕೆ ಬಿಡುಗಡೆಯಾಗಿ 300 ಕೋಟಿ ದಾಟಿತು.

"ಬೆಂಗಳೂರಿನ್ ಕಥೆ ಮಾವ, ಥಿಯೇಟರ್‌ಗೆ ಯಾಕೆ ಕನ್ನಡದಲ್ಲಿ ಬರ್ಲಿಲ್ಲ?" ಅಂದಳು.

ಕೇಳಬೇಕಾದ ಪ್ರಶ್ನೆಯೇ. ತೆಲುಗು, ತಮಿಳು, ಹಿಂದಿ ಡಬ್ಬಿಂಗ್ ಚಿತ್ರಮಂದಿರಕ್ಕೆ ಬಂದವು, ಕನ್ನಡ ಸಿಕ್ಕಿದ್ದು ಒಟಿಟಿಯಲ್ಲಿ. ಯಾರು ಟಿಕೆಟ್ ಕೊಳ್ಳುತ್ತಾರೆ, ಯಾರು ಕೊಳ್ಳುವುದಿಲ್ಲ ಅಂತ ಎಲ್ಲೋ ಕೂತವರು ಮೊದಲೇ ತೀರ್ಮಾನ ಮಾಡಿರುತ್ತಾರೆ. ಆ ತೀರ್ಮಾನ ಹೆಣ್ಣು ಹೀರೊಗೆ ಏನು ಮಾಡುತ್ತದೆ ಅನ್ನೋದು ಚೆನ್ನಾಗಿ ಕಾಣಿಸಿದ್ದು ಜಪಾನಿನಲ್ಲಿ. ಅಲ್ಲಿಂದಲೇ ಶುರು ಮಾಡೋಣ.

ಪ್ಯಾಟಿ ಜೆಂಕಿನ್ಸ್ ನಿರ್ದೇಶನದ ‘ವಂಡರ್ ವುಮನ್’ ಅಮೆರಿಕದಲ್ಲಿ ತೆರೆಕಂಡಿದ್ದು 2017ರ ಜೂನ್ 2ಕ್ಕೆ. ಜಪಾನಿಗೆ ಹೋಗಿದ್ದು ಹನ್ನೆರಡು ವಾರ ತಡವಾಗಿ, ಆಗಸ್ಟ್ 25ಕ್ಕೆ. ಹೆಂಗಸರೇ ಇರುವ ದ್ವೀಪದಿಂದ ಹೊರಟ ಯೋಧೆ ಮೊದಲ ಮಹಾಯುದ್ಧದ ನಡುವೆ ನುಗ್ಗುವ ಕಥೆ. ಜಪಾನಿನ ಪ್ರಚಾರದವರು ಇದಕ್ಕೆ ನೊಗಿಜಾಕಾ46 ಎಂಬ ಹುಡುಗಿಯರ ಪಾಪ್ ತಂಡದಿಂದ ಒಂದು ‘ಇಮೇಜ್ ಸಾಂಗ್’ ಮಾಡಿಸಿದರು. ಸಿನಿಮಾದ ಒಳಗೆ ಇಲ್ಲದಿದ್ದರೂ ಪ್ರಚಾರಕ್ಕೆಂದೇ ಕಟ್ಟುವ ಹಾಡು ಅದು, ಅಲ್ಲಿ ಮಾಮೂಲಿ. ಆದರೆ ಹಾಡಿನ ಶೀರ್ಷಿಕೆಯ ಅರ್ಥ: ಹೆಂಗಸಿಗೆ ಒಬ್ಬಳೇ ನಿದ್ದೆ ಬರಲ್ಲ! ಸಾಹಿತ್ಯ ಯಾಸುಷಿ ಅಕಿಮೊಟೊ ಅವರದು. ಪ್ರಚಾರವೂ ಅದೇ ದಾಟಿಯಲ್ಲಿತ್ತು: ಯುದ್ಧಕ್ಕಿಂತ ಅವಳ ಮುಗ್ಧತೆ, ಪ್ರೇಮ ಗೊತ್ತಿಲ್ಲದ ಚೆಲುವೆ ಎಂಬ ಅಂಶವೇ ಮುಂದೆ. ಜಾಲತಾಣಗಳಲ್ಲಿ ಜಪಾನಿ ಹೆಂಗಸರೇ ಇದನ್ನ ತರಾಟೆಗೆ ತಗೊಂಡರು.

ಮಾರುವವರ ಲೆಕ್ಕ ಅರ್ಥ ಮಾಡಿಕೊಳ್ಳೋದು ಕಷ್ಟವಲ್ಲ. ಅಮೆರಿಕದ ಕಾಮಿಕ್ಸ್ ಸಿನಿಮಾ ಅಂದರೆ ಗಂಡು ಅಭಿಮಾನಿಗಳದ್ದು, ಹೆಣ್ಣುಮಕ್ಕಳು ಬರಬೇಕಾದರೆ ಮುದ್ದು ಬೇಕು, ಪ್ರೀತಿ ಬೇಕು. ಈ ಲೆಕ್ಕ ಹಾಕಿದ್ದು ಯಾವ ದೇಶದಲ್ಲಿ ನೋಡಿ. ‘ಸೈಲರ್ ಮೂನ್’ ಅನಿಮೆ 1992ರಿಂದ, ‘ಪ್ರಿಕ್ಯೂರ್’ 2004ರಿಂದ. ಹುಡುಗಿಯರು ಗುಂಪು ಕಟ್ಟಿಕೊಂಡು ರಾಕ್ಷಸರನ್ನ ಬಡಿಯುವುದನ್ನ ನೋಡಿಯೇ ಒಂದು ತಲೆಮಾರು ಬೆಳೆದಿತ್ತು. ಅವರಿಗೆ ಹೆಣ್ಣು ಹೀರೊನ ಪರಿಚಯ ಮಾಡಿಸುವ ಅಗತ್ಯವೇ ಇರಲಿಲ್ಲ.

ನಾಸಾದ ಕಪ್ಪು ಗಣಿತಜ್ಞೆಯರ ಕುರಿತ ‘ಹಿಡನ್ ಫಿಗರ್ಸ್’ಗೆ ಅದೇ ವರ್ಷ ಜಪಾನಿನಲ್ಲಿ ‘ನಮ್ಮ ಅಪೊಲೊ ಯೋಜನೆ’ ಎಂಬರ್ಥದ ಉಪಶೀರ್ಷಿಕೆ ಅಂಟಿಸಿದ್ದರು. ಸಿನಿಮಾ ಇರುವುದು ಮರ್ಕ್ಯುರಿ ಯೋಜನೆ ಬಗ್ಗೆ. ಜನ ಬೈದ ಮೇಲೆ ಕಿತ್ತು ಹಾಕಿದರು. ಬೈಗುಳಕ್ಕೂ ಬೆಲೆ ಇದೆ.

ಇನ್ನೊಂದು ಕಡೆ ನಮ್ಮ ಸಿನಿಮಾಗಳು ಜಪಾನಿನಲ್ಲಿ ಗೆದ್ದ ಬಗೆ ನೋಡಿ. ಮೈಸೂರಿನ ಲಲಿತಮಹಲ್ ಜಮೀನ್ದಾರರ ಬಂಗಲೆಯಾಗಿ ಕಾಣಿಸಿಕೊಂಡ ರಜನಿಕಾಂತ್ ಅವರ ‘ಮುತ್ತು’, 1998ರಲ್ಲಿ ‘ಕುಣಿಯುವ ಮಹಾರಾಜ’ ಅನ್ನೋ ಅಡಿಬರಹ ಹೊತ್ತು ಟೋಕಿಯೊದ ಶಿಬುಯಾದಲ್ಲಿ ತಿಂಗಳುಗಟ್ಟಲೆ ಓಡಿತು. ‘ಬಾಹುಬಲಿ 2’ಕ್ಕೆ ಕಿರುಚಾಡುತ್ತಲೇ ನೋಡುವ ವಿಶೇಷ ಪ್ರದರ್ಶನಗಳು ನಡೆದವು. 2022ರ ಅಕ್ಟೋಬರಿನಲ್ಲಿ ಹೋದ ‘ಆರ್‌ಆರ್‌ಆರ್’ 200 ಕೋಟಿ ಯೆನ್ ದಾಟಿತು. ಇವನ್ನೆಲ್ಲ ಯಾರೂ ಮೆತ್ತಗೆ ಮಾಡಿ ಮಾರಲಿಲ್ಲ, ಇದ್ದ ಅಬ್ಬರವನ್ನೇ ಮಾರಿದರು. ಕನ್ನಡದಿಂದ ‘ಕೆಜಿಎಫ್’ 2023ರ ಜುಲೈಯಲ್ಲಿ, ‘777 ಚಾರ್ಲಿ’ 2024ರ ಜೂನಿನಲ್ಲಿ ಹೋದವು. ಚಾರ್ಲಿ ಹೆಣ್ಣು ನಾಯಿ, ಧರ್ಮನ ಮನೆ ಇರೋದು ಮೈಸೂರಲ್ಲಿ. ಅಂತೂ ಮೈಸೂರಿನ ನಾಯಕಿ ಒಬ್ಬಳು ಜಪಾನ್ ಮುಟ್ಟಿದಳು ಅನ್ನಿ!

2024ರ ಜನವರಿಯಲ್ಲಿ ತಕರಾಜುಕಾ ‘ಆರ್‌ಆರ್‌ಆರ್’ಅನ್ನ ರಂಗಕ್ಕೆ ತಂದಿತು. ನೂರು ವರ್ಷ ಮೀರಿದ ಈ ತಂಡದಲ್ಲಿ ವೇದಿಕೆ ಹತ್ತುವವರೆಲ್ಲ ಹೆಂಗಸರು. ರಾಮನೂ ಹೆಂಗಸು, ಭೀಮನೂ ಹೆಂಗಸು. ನೋಡಲು ಬರುವವರಲ್ಲೂ ಹೆಂಗಸರೇ ಹೆಚ್ಚು. ಒಬ್ಬಳೇ ಮಲಗಲಾರಳು ಅಂತ ಹಾಡು ಕಟ್ಟಿಸಿದ ದೇಶದಲ್ಲೇ ಹೆಂಗಸರು ಮೀಸೆ ಬರೆದುಕೊಂಡು ಬ್ರಿಟಿಷರ ಮೇಲೆ ಬಿದ್ದರು, ಟಿಕೆಟ್ಟೂ ಮಾರಾಟವಾಯಿತು.

ಇದು ನಮಗೂ ಹೊಸದಲ್ಲ. ಮೈಸೂರಿನ ಆರ್. ನಾಗರತ್ನಮ್ಮ 1958ರಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿದ್ದರು. ಬರೀ ಹೆಂಗಸರ ಕಂಪನಿ. ಅವರೇ ಕಂಸ, ದುರ್ಯೋಧನ ಆಗುತ್ತಿದ್ದರು. 2012ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ತೀರಿಕೊಂಡರು.

ಸಿನಿಮಾಕ್ಕೆ ಬಂದರೆ ಮಾಲಾಶ್ರೀ. ನಂಜನಗೂಡಿನವನಾದ ನನಗೆ 1989ರ ‘ನಂಜುಂಡಿ ಕಲ್ಯಾಣ’ ಹೆಸರಿನಿಂದಲೇ ನಮ್ಮದು. ಆಮೇಲೆ ‘ಎಸ್.ಪಿ. ಭಾರ್ಗವಿ’, 2004ರಲ್ಲಿ ‘ದುರ್ಗಿ’. ಪೋಸ್ಟರಿನಲ್ಲಿ ಅವರೊಬ್ಬರೇ, ಕೈಯಲ್ಲಿ ಲಾಂಗೋ ಪಿಸ್ತೂಲೋ. ಆ ಪ್ರಚಾರದಲ್ಲೂ ಒಂದು ಸುಲಭದ ದಾರಿ ಇತ್ತು ಅನ್ನೋದನ್ನ ಒಪ್ಪಬೇಕು. ಹೊಡೆಯುವ ಹೆಣ್ಣನ್ನ ಒಂದೋ ಪೊಲೀಸ್ ಮಾಡು, ಇಲ್ಲ ದೇವಿ ಮಾಡು. ಬರೀ ಹೆಣ್ಣಾಗಿ ಹೊಡೆದರೆ ಜನ ನಂಬಲ್ಲ ಅನ್ನೋ ಅಂಜಿಕೆ. ‘ಲೋಕಾ’ದಲ್ಲೂ ಅವಳು ಯಕ್ಷಿಯೇ.

ಪ್ರೀತಿ ತೋರಿಸಿದ್ದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ನಮ್ಮ ಕಡೆಯ ಜನಪದ ಹಾಡುಗಳಲ್ಲಿ ಮೈಸೂರು ಬೆಟ್ಟದ ಚಾಮುಂಡಿಗೂ ನಂಜನಗೂಡಿನ ನಂಜುಂಡನಿಗೂ ಪ್ರೇಮ. ಮನೆಯಲ್ಲಿ ದೇವೀರಮ್ಮ ಬೇರೆ ಇದ್ದಾಳೆ, ಜಗಳ ಕೇಳಬೇಕೆ? ಅದೇ ಚಾಮುಂಡಿ ಮಹಿಷನನ್ನ ಕೊಂದವಳು. ರಕ್ತ ನೆಲಕ್ಕೆ ಬೀಳದ ಹಾಗೆ ನಾಲಿಗೆ ಚಾಚಿದ ತಂಗಿ ಉತ್ತನಹಳ್ಳಿಯಮ್ಮ. ಹಾಡುವವರು ಒಂದನ್ನ ಮುಂದೆ ಮಾಡೋಕೆ ಇನ್ನೊಂದನ್ನ ಮುಚ್ಚಿಡಲಿಲ್ಲ. ಜಪಾನಿನ ಜಾಹೀರಾತಿನವರು ಮಾಡಿದ್ದು ಅದನ್ನೇ, ಕತ್ತಿಯನ್ನ ಹಿಂದೆ ಇಟ್ಟರು.

ನಮ್ಮಲ್ಲಿ ಮುಚ್ಚಿದ್ದು ಕತ್ತಿಯನ್ನಲ್ಲ, ಭಾಷೆಯನ್ನ. ದಶಕಗಳ ಕಾಲ ಡಬ್ಬಿಂಗಿಗೆ ಕಾನೂನಿನಲ್ಲಿಲ್ಲದ ನಿಷೇಧ ಇತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಚಲನಚಿತ್ರ ವಾಣಿಜ್ಯ ಮಂಡಳಿ ಸೇರಿ ಕೆಲ ಸಂಘಟನೆಗಳಿಗೆ ದಂಡ ಹಾಕಿತು. ಆದರೂ ‘ವಂಡರ್ ವುಮನ್’ ಕನ್ನಡದಲ್ಲಿ ಬರಲಿಲ್ಲ. 2023ರ ‘ಸ್ಪೈಡರ್‌ಮ್ಯಾನ್: ಅಕ್ರಾಸ್ ದ ಸ್ಪೈಡರ್‌ವರ್ಸ್’ ಭಾರತದಲ್ಲಿ ಹತ್ತು ಭಾಷೆಗಳಲ್ಲಿ ಬಂದಾಗ ಕನ್ನಡವೂ ಇತ್ತು. ಗಂಡು ಜೇಡಕ್ಕೆ ಸಿಕ್ಕಿದ ಕನ್ನಡ ಥಿಯೇಟರಿನಲ್ಲಿ ಬೆಂಗಳೂರಿನ ಯಕ್ಷಿಗೆ ಸಿಗಲಿಲ್ಲ. ನರಸೀಪುರದ ಹುಡುಗಿ ಟಿಕೆಟ್ ಕೊಳ್ಳುವವಳಲ್ಲ ಅನ್ನೋ ಲೆಕ್ಕ ಎಲ್ಲಿಂದ ಬಂತು ಅಂತ ಯಾರೂ ಅವಳನ್ನ ಕೇಳಿಲ್ಲ.

‘ಲೋಕಾ’ದ ಎರಡನೇ ಭಾಗ ಘೋಷಣೆಯಾಗಿದೆ. ಈ ಸಲ ಮುಖ್ಯಪಾತ್ರದಲ್ಲಿ ಟೊವಿನೊ ಥಾಮಸ್ ಅಂದೆ.

"ಹಂಗಾದ್ರೆ ಥಿಯೇಟರ್‌ಗೇ ಕನ್ನಡದಲ್ಲಿ ಬತ್ತದೆ ಬುಡಿ ಮಾವ" ಅಂದು, ಬಿಟ್ಟಲ್ಲಿಂದ ಮತ್ತೆ ಪ್ಲೇ ಒತ್ತಿದಳು.