ಅಳತೆ ತಗೊಂಡ ಮೆಟ್ಟು

ಚರಿತ್ರೆ ಅಂದ್ರೆ ರಾಜರದ್ದು, ಯುದ್ಧದ್ದು ಅಂತ ಏಳನೇ ಕ್ಲಾಸಿನವರೆಗೆ ಓದಿದೆ. ಆಮೇಲೆ ಓದು ನಿಂತಿತು. ಹಗಲು ಹೊಲ, ರಾತ್ರಿ ಪದ ಅಂತ ವಯಸ್ಸು ಅರವತ್ತು ದಾಟಿತು. ನಮ್ಮ ವಾಚನಾಲಯದ ಪುಸ್ತಕಕ್ಕೆ ಒಂದು ಚರಿತ್ರೆ ಬರೆದುಕೊಡಿ ಅಂತ ಹುಡುಗರು ಕೇಳಿದ್ರು. ರಾಜರ ವಿಷಯ ನನಗಿಂತ ಚೆನ್ನಾಗಿ ಬರೆಯೋರು ಇದ್ದಾರೆ. ನಾನು ಮೆಟ್ಟಿನ ವಿಷಯ ಬರೀತೀನಿ. ಕಾಲಿಗೆ ಅಂತಲೇ ಅಳತೆ ತಗೊಂಡು ಮಾಡಿದ್ದು ಯಾಕೆ ಕೆಲವು ಸಲ ಆ ಕಾಲಿಗೇ ಕೂರೋದಿಲ್ಲ ಅನ್ನೋದು ನನ್ನ ಪ್ರಶ್ನೆ. ನನ್ನ ಮಗಳ ಮಗ ಸೈಕಲ್ ಓಡಿಸೋ ಬೂಟಿನೊಳಗೆ ಹಾಕೋದಕ್ಕೆ 8,000 ರೂಪಾಯಿ ಕೊಟ್ಟು ಒಳ ಅಟ್ಟೆ ಮಾಡಿಸಿಕೊಂಡು ಬಂದ ಮೇಲೆ ಈ ಪ್ರಶ್ನೆ ನಮ್ಮ ಮನೆಗೂ ಬಂತು. ಆದರೆ ಅದು ಹಳೇ ಪ್ರಶ್ನೆ. ಹಳೇದರಿಂದಲೇ ಶುರು ಮಾಡ್ತೀನಿ.

ಕಿಣತ್ತುಕಡವಿನ ನಾವು ಕನ್ನಡದೋರು ಮನೇಲಿ ಕೆರ ಅಂತೀವಿ, ಬೀದಿಗೆ ಬಂದ್ರೆ ತಮಿಳಲ್ಲಿ ಸೆರುಪ್ಪು ಅಂತೀವಿ. ಎರಡೂ ಒಂದೇ ಬೇರಿನ ಮಾತು. ನಮ್ಮ ಕಿವಿ ಅವರಲ್ಲಿ ಸೆವಿ, ನಮ್ಮ ಗೆಯ್ ಅವರಲ್ಲಿ ಸೆಯ್. ಹಾಗೇ ಹಳಗನ್ನಡದ ಕೆರ್ಪು ಅವರಲ್ಲಿ ಸೆರುಪ್ಪು. ಅಂದ್ರೆ ಎರಡು ಭಾಷೆ ಬೇರೆ ಆಗೋದಕ್ಕೆ ಮುಂಚೆಯೇ ನಮ್ಮೋರ ಕಾಲಲ್ಲಿ ಮೆಟ್ಟು ಇತ್ತು, ಅದನ್ನ ಹೊಲಿಯೋರೂ ಇದ್ರು.

ಹೊಲಿಯೋರ ಹೆಸರು ಬಂದ್ರೆ ಕನ್ನಡದ ಪದ ಹಾಡೋರಿಗೆ ಹರಳಯ್ಯ ನೆನಪಾಗದೆ ಇರೋದಿಲ್ಲ. 12ನೇ ಶತಮಾನದ ಕಲ್ಯಾಣದಲ್ಲಿ ಹರಳಯ್ಯ, ಕಲ್ಯಾಣಮ್ಮ ದಂಪತಿ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನಿಗೆ ಪಾದರಕ್ಷೆ ಮಾಡಿ ತಂದರು, ಬಸವಣ್ಣ ಅದನ್ನ ಕಾಲಿಗೆ ಮೆಟ್ಟದೆ ತಲೆ ಮೇಲೆ ಇಟ್ಟುಕೊಂಡ ಅಂತ ಕಥೆ. ಆ ಹರಳಯ್ಯನ ಮಗನಿಗೆ ಮಧುವರಸನ ಮಗಳನ್ನ ಕೊಟ್ಟಿದ್ದಕ್ಕೆ ಎರಡೂ ಮನೆಯ ಹಿರಿಯರು ಪ್ರಾಣ ಕೊಡಬೇಕಾಯ್ತು. ಮೆಟ್ಟು ಹೊಲಿದವನ ಕೆಲಸ ಬೇಕು, ಅವನ ನಂಟು ಬೇಡ ಅನ್ನೋದು ಅಷ್ಟು ಹಿಂದಿನ ಮಾತು.

ನಮ್ಮ ಕಡೆ ಈ ಕೆಲಸ ಮಾಡ್ತಿದ್ದೋರು ಅರುಂಧತಿಯರ್ ಜನ. ಅವರಲ್ಲಿ ಎಷ್ಟೋ ಮನೆಗಳಲ್ಲಿ ತೆಲುಗೋ ಕನ್ನಡವೋ ಮಾತಾಡ್ತಾರೆ. ನಾನು ಹುಡುಗನಾಗಿದ್ದಾಗ ಅವರಲ್ಲಿ ಒಬ್ಬರು ಮುದುಕರು ನಮ್ಮ ತಾತನಿಗೆ ಕೆರ ಮಾಡಿಕೊಡ್ತಿದ್ದಿದ್ದು ಕಣ್ಣಲ್ಲಿ ಐತೆ. ತಂಗಡಿ ತೊಗಟೆಯಲ್ಲಿ ಹದ ಮಾಡಿದ ತೊಗಲು. ತಾತ ಅದರ ಮೇಲೆ ನಿಲ್ಲಬೇಕು, ಅವರು ದಬ್ಬಳದ ಮೊನೆಯಲ್ಲಿ ಸುತ್ತ ಗೆರೆ ಎಳೀತಿದ್ರು. ಅಷ್ಟಕ್ಕೆ ಮುಗೀತಿರಲಿಲ್ಲ. ಒಂದು ಹತ್ತು ಹೆಜ್ಜೆ ನಡೀರಿ ಅಂತಿದ್ರು. ಹಳೇ ಜೋಡನ್ನ ತಿರುಗಿಸಿ ಎಲ್ಲಿ ಸವೆದಿದೆ ಅಂತ ನೋಡ್ತಿದ್ರು. ಎಡಗಾಲಿನ ಹೊರ ಅಂಚು ಸವೆದಿದ್ರೆ ಅಲ್ಲಿ ಇನ್ನೊಂದು ಪದರ. ಆಣಿ ಇದ್ದರೆ ಆ ಜಾಗದಲ್ಲಿ ರಂಪಿಗೆಯಿಂದ ತೊಗಲು ಕೆರೆದು ಗುಳಿ. ಹೊಸದು ಮೊದಲು ಕಚ್ಚುತ್ತೆ, ಹರಳೆಣ್ಣೆ ಹಚ್ಚಿ ಮೆಟ್ಟಿದ್ರೆ ಒಂದು ತಿಂಗಳಲ್ಲಿ ತೊಗಲು ಕಾಲಿನ ಆಕಾರಕ್ಕೆ ಬರುತ್ತೆ. ಬರದಿದ್ರೆ ಅವರು ಅದೇ ಊರಲ್ಲಿ ಇರ್ತಿದ್ರು, ಮತ್ತೆ ತಿದ್ದಿ ಕೊಡ್ತಿದ್ರು.

ಇಷ್ಟು ತಿಳಿದ ಮನುಷ್ಯ ನಮ್ಮ ಬೀದಿಗೆ ಬರುವಾಗ ಕಾಲಿಗೆ ಏನೂ ಇರ್ತಿರಲಿಲ್ಲ. ಇದ್ದರೂ ಬೀದಿ ತುದೀಲಿ ಬಿಚ್ಚಿ ಕೈಲಿ ಹಿಡೀಬೇಕು. ಅವರ ಮಗ ಸೈಕಲ್ ತಗೊಂಡಾಗ ಇಳಿದು ತಳ್ಳಿಕೊಂಡೇ ಹೋಗಬೇಕಾಗಿತ್ತು. ಕೊಂಗುನಾಡಿನ ಎಷ್ಟೋ ಊರಲ್ಲಿ ಇದು ಕಟ್ಟಳೆ. ದಲಿತರ ಮೇಲಿನ ದೌರ್ಜನ್ಯ ತಡೆಯೋ 1989ರ ಕಾಯಿದೆಗೆ ಒಂದು ತಿದ್ದುಪಡಿ ಆಯ್ತು, 2016ರ ಜನವರಿ 26ರಂದು ಜಾರಿಗೆ ಬಂತು. ಪರಿಶಿಷ್ಟರು ಸೈಕಲ್ ಹತ್ತೋದನ್ನ, ಕಾಲಿಗೆ ಮೆಟ್ಟು ಹಾಕೋದನ್ನ ತಡೆದ್ರೆ ಅಪರಾಧ ಅಂತ ಅದರಲ್ಲಿ ಬರೆದಿದ್ದಾರೆ. ಸೈಕಲ್ಲೂ ಮೆಟ್ಟೂ ಒಂದೇ ಸಾಲಲ್ಲಿ. ಸ್ವಾತಂತ್ರ್ಯ ಬಂದು ಇಷ್ಟು ವರ್ಷ ಆದ ಮೇಲೂ ಹಾಗೆ ಬರೀಬೇಕಾಯ್ತು. ಆ ಮುದುಕರ ಮಕ್ಕಳು ಕಸುಬು ಬಿಟ್ಟರು ಅಂದ್ರೆ ತಪ್ಪು ಅವರದ್ದಲ್ಲ. ಆದರೆ ಅವರ ಜೊತೆ ಒಂದು ವಿದ್ಯೆ ಹೋಯ್ತು ಅನ್ನೋದೂ ನಿಜ.

ಅದರ ಜಾಗಕ್ಕೆ ಬಂದಿದ್ದು ಕಾರ್ಖಾನೆ. ಬಾಟಾ ಕಂಪನಿಯವರು 1930ರ ದಶಕದಲ್ಲಿ ಕಲ್ಕತ್ತದ ಹತ್ತಿರ ಕಾರ್ಖಾನೆ ಕಟ್ಟಿದ್ರು, ಆ ಊರಿಗೇ ಬಾಟಾನಗರ ಅಂತ ಹೆಸರಾಯ್ತು. ಆಮೇಲೆ ಲಾರಿ ಟೈರಿನ ಚಪ್ಪಲಿ, ಹವಾಯಿ ಚಪ್ಪಲಿ. ಅಗ್ಗ ಆಯ್ತು, ಬರಿಗಾಲಲ್ಲಿ ಇದ್ದೋರಿಗೂ ಸಿಕ್ಕಿತು, ಅದು ಒಳ್ಳೇದೇ. ಆದರೆ ಪಾದ ಅನ್ನೋದು 6, 7, 8 ಅನ್ನೋ ಒಂದು ನಂಬರ್ ಆಯ್ತು. ಉದ್ದ ಉಳೀತು, ಅಗಲ ಹೋಯ್ತು, ನಡಿಗೆಯಂತೂ ಯಾರೂ ನೋಡೋದಿಲ್ಲ.

ನಡಿಗೆ ನೋಡೋದು ದೊಡ್ಡ ವಿಷಯ ಅಂತ ಎತ್ತು ಕಟ್ಟಿದೋರಿಗೆ ಗೊತ್ತು. ಎತ್ತಿನ ಗೊರಸು ಸೀಳಿರುತ್ತೆ, ಒಂದೊಂದು ಕಾಲಿಗೂ ಎರಡು ತುಂಡು ಲಾಳ. ಪೊಳ್ಳಾಚಿ ಸಂತೇಲಿ ಎತ್ತು ಕೊಂಡು ಲಾಳ ಕಟ್ಟಿಸಿದ್ರೆ, ಬಲ್ಲೋನು ಎತ್ತನ್ನ ಕೆಡವೋದಕ್ಕೆ ಮುಂಚೆ ನಡೆಸಿ ನೋಡ್ತಾನೆ. ಲಾಳ ಕೂರದಿದ್ರೆ ಎತ್ತು ಕುಂಟುತ್ತೆ. ಕುಂಟಿದ್ರೆ ತಾನೇ ನಮಗೆ ಗೊತ್ತಾಗೋದು? ಕುಂಟದೇ ಇದ್ದಿದ್ರೆ?

ಈ ‘ಕುಂಟದೇ ಇದ್ದಿದ್ರೆ’ ಅನ್ನೋದನ್ನ ಹಿಡಿದು ಕೆಲಸ ಮಾಡಿದೋರು ಡಾಕ್ಟರ್ ಪಾಲ್ ಬ್ರಾಂಡ್. 1914ರಲ್ಲಿ ನಮ್ಮ ತಮಿಳುನಾಡಿನ ಕೊಲ್ಲಿಮಲೆಯಲ್ಲಿ ಹುಟ್ಟಿದೋರು, 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದ್ರು. ಕುಷ್ಠರೋಗ ಬಂದ್ರೆ ಬೆರಳು ತಾನಾಗೇ ಕೊಳೆತು ಬೀಳುತ್ತೆ ಅಂತ ಆಗ ಎಲ್ಲರೂ ನಂಬಿದ್ರು. ಇವರು ಕಂಡುಕೊಂಡಿದ್ದು ಬೇರೆ. ರೋಗ ನರವನ್ನ ಸಾಯಿಸುತ್ತೆ, ನೋವು ಗೊತ್ತಾಗೋದಿಲ್ಲ. ಚಪ್ಪಲಿ ಕಚ್ಚಿದ್ರೂ ಮೊಳೆ ಚುಚ್ಚಿದ್ರೂ ಮನುಷ್ಯ ಅದರ ಮೇಲೇ ನಡೀತಾನೆ, ಹುಣ್ಣಾಗುತ್ತೆ, ಕಾಲು ಹೋಗುತ್ತೆ. ಹಾಗಾಗಿ ವೆಲ್ಲೂರು ಮತ್ತು ಪಕ್ಕದ ಕರಿಗಿರಿ ಆಸ್ಪತ್ರೆಯಲ್ಲಿ ವೈದ್ಯದ ಜೊತೆಗೆ ಚಪ್ಪಲಿ ಮಾಡೋ ಕೆಲಸವೂ ನಡೀತು. ಕಾಲಿಗೆ ಮೆತ್ತಗಿರೋ ಎಂ.ಸಿ.ಆರ್. ರಬ್ಬರು, ಅದರ ಕೆಳಗೆ ಗಟ್ಟಿ ಅಟ್ಟೆ, ಎಲ್ಲೂ ಮೊಳೆ ಇಲ್ಲ. ಇವತ್ತು ಸಕ್ಕರೆ ಕಾಯಿಲೆಯೋರಿಗೆ ಡಾಕ್ಟರು ಬರೆದುಕೊಡೋ ಎಂ.ಸಿ.ಆರ್. ಚಪ್ಪಲಿ ಇದೇ. ಬ್ರಾಂಡ್ ಅವರು 1966ರಲ್ಲಿ ಅಮೆರಿಕದ ಕಾರ್ವಿಲ್ ಆಸ್ಪತ್ರೆಗೆ ಹೋದ್ರು. ಅಲ್ಲಿ ಸಣ್ಣ ಸಣ್ಣ ಬಣ್ಣದ ಗುಳ್ಳೆ ತುಂಬಿದ ಕಾಲುಚೀಲ ಮಾಡಿದ್ರು. ಅದನ್ನ ಹಾಕಿ ಬೂಟಿನಲ್ಲಿ ನಡೆದ್ರೆ ಹೆಚ್ಚು ಒತ್ತೋ ಕಡೆ ಗುಳ್ಳೆ ಒಡೆದು ಬಣ್ಣ ಕಾಣುತ್ತೆ. ನಮ್ಮ ಊರಿನ ಮುದುಕರು ಹತ್ತು ಹೆಜ್ಜೆ ನಡೆಸಿ ನೋಡ್ತಿದ್ದ ಕೆಲಸವನ್ನೇ ಆ ಕಾಲುಚೀಲ ಮಾಡ್ತಿತ್ತು.

ಜೈಪುರದ ಕಾಲಿನ ಕಥೆಯೂ ಇದಕ್ಕೆ ಸೇರಿದ್ದೇ. ಹೊರದೇಶದ ಕೃತಕ ಪಾದ ಬೂಟು ಹಾಕೋರಿಗೆ ಅಂತ ಮಾಡಿದ್ದು. ಅದನ್ನ ಕಟ್ಟಿಕೊಂಡು ನಮ್ಮ ರೈತ ಕುಕ್ಕರಗಾಲಲ್ಲಿ ಕೂರೋ ಹಾಗಿಲ್ಲ, ಗದ್ದೆ ಕೆಸರಿಗೆ ಇಳಿಯೋ ಹಾಗಿಲ್ಲ. 1960ರ ದಶಕದ ಕೊನೇಲಿ ರಾಮಚಂದ್ರ ಶರ್ಮ ಅನ್ನೋ ಕುಶಲಕರ್ಮಿ, ಡಾಕ್ಟರ್ ಪಿ.ಕೆ. ಸೇಥಿ ಜೊತೆ ಸೇರಿ ರಬ್ಬರಿನ ಪಾದ ಮಾಡಿದ್ರು. ಶರ್ಮ ಅವರು ನನ್ನಷ್ಟೂ ಓದಿದೋರಲ್ಲ. ಆಸ್ಪತ್ರೆಗೆ ಹೋಗುವಾಗ ಅವರ ಸೈಕಲ್ ಪಂಚರ್ ಆಗಿ, ನಿಂತ ಅಂಗಡೀಲಿ ಲಾರಿ ಟೈರಿಗೆ ರಬ್ಬರ್ ಕೂರಿಸೋದನ್ನ ನೋಡಿ ದಾರಿ ಹೊಳೀತು ಅಂತ ಹೇಳ್ತಾರೆ. 1981ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಡಾಕ್ಟರಿಗೆ ಬಂತು.

ಈಗ ಸೈಕಲ್ ಬೂಟಿಗೆ ಬರ್ತೀನಿ. ನಾವು ಸೈಕಲ್ ತುಳಿದಿದ್ದು ಬರಿಗಾಲಲ್ಲಿ, ಇಲ್ಲ ಹವಾಯಿಯಲ್ಲಿ. ಪೆಡಲ್ ಮೇಲೆ ಕಾಲು ಹೇಗೆ ಬೇಕಾದ್ರೂ ಸರಿಯುತ್ತೆ, ನೋವಾದ ಕಡೆ ತಾನೇ ಬಿಟ್ಟುಕೊಳ್ಳುತ್ತೆ. ಪಂದ್ಯದೋರು ಮಾತ್ರ ಪಟ್ಟಿಯಿಂದ ಬೂಟನ್ನ ಪೆಡಲಿಗೆ ಕಟ್ಟಿಕೊಳ್ತಿದ್ರು. 1984ರಲ್ಲಿ ಫ್ರಾನ್ಸಿನ ಲುಕ್ ಕಂಪನಿ ಬೂಟಿನ ತಳವನ್ನೇ ಪೆಡಲಿಗೆ ಕಚ್ಚಿಸೋ ಹೊಸ ಪೆಡಲ್ ತಂತು. ಮರುವರ್ಷ ಬರ್ನಾರ್ಡ್ ಹಿನಾಲ್ಟ್ ಅದನ್ನ ತುಳಿದು ಟೂರ್ ದ ಫ್ರಾನ್ಸ್ ಗೆದ್ರು, ಎಲ್ಲರೂ ಅದಕ್ಕೇ ತಿರುಗಿದ್ರು. ಈ ಬೂಟಿನ ತಳ ಹಲಗೆ ಹಾಗೆ ಗಟ್ಟಿ, ಮೈ ಬಿಗಿ. ಕಾಲು ಸರಿಯೋದಕ್ಕೆ ಜಾಗ ಇಲ್ಲ.

ನನ್ನ ಮೊಮ್ಮಗ ಕೊಯಮತ್ತೂರಲ್ಲಿ ಕೆಲಸದಲ್ಲಿದ್ದಾನೆ, ರಜೆ ದಿನ 200 ಕಿಲೋಮೀಟರ್ ಬ್ರೆವೆ ಓಟಕ್ಕೆ ಹೋಗ್ತಾನೆ. ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕು. ನಿಮಿಷಕ್ಕೆ 80 ಸುತ್ತು ತುಳಿದ್ರೆ ಹತ್ತು ಗಂಟೆಗೆ ಒಂದೊಂದು ಕಾಲೂ 48,000 ಸಲ ಒತ್ತುತ್ತೆ. ಅವನದ್ದು ಚಪ್ಪಟೆ ಅಂಗಾಲು, ಮಂಡಿ ನೋವು. ಒಂದು ಕಡೆ ಅಂಗಾಲಿನ ಅಚ್ಚು ತೆಗೆದು, ಕಂಪ್ಯೂಟರಲ್ಲಿ ನೋಡಿ, ಒಳ ಅಟ್ಟೆ ಮಾಡಿಕೊಟ್ರು. ಹಾಕಿಕೊಂಡು ಮೂವತ್ತು ಕಿಲೋಮೀಟರ್ ಹೋಗೋದ್ರೊಳಗೆ ಬೆರಳೆಲ್ಲ ಜೋಮು ಹಿಡಿದು, ಪಾದದ ಮುಂಭಾಗ ಕೆಂಡ ಮೆಟ್ಟಿದ ಹಾಗೆ ಉರಿ. ವಾಪಸ್ ತಗೊಂಡು ಹೋದ್ರೆ, ‘ಅಳತೆ ಸರಿಯಾಗೇ ಐತಪ್ಪ, ನಿನ್ನ ಕಾಲೇ ಒಗ್ಗಬೇಕು’ ಅಂದ್ರಂತೆ. ಎರಡನೇ ಸಲ ಒಂದಿಷ್ಟು ಉಜ್ಜಿ ಕೊಟ್ರು, ಆಗಲೂ ಅದೇ ಉರಿ.

ತಪ್ಪು ಎಲ್ಲಿತ್ತು ಅಂತ ಆಮೇಲೆ ಒಬ್ಬ ಫಿಸಿಯೋಥೆರಪಿಯವರು ಅವನ ಸೈಕಲ್ಲನ್ನೇ ಸ್ಟ್ಯಾಂಡಿಗೆ ಹಾಕಿ, ತುಳಿಸಿ ನೋಡಿ ಹೇಳಿದ್ರು. ಅಚ್ಚು ತೆಗೆದು ಒಳ ಅಟ್ಟೆ ಮಾಡೋ ಈಗಿನ ಪದ್ಧತಿಗೆ ದಾರಿ ಹಾಕಿದೋರಲ್ಲಿ ಮುಖ್ಯವಾದೋರು ಅಮೆರಿಕದ ಪಾದವೈದ್ಯ ಮರ್ಟನ್ ರೂಟ್, 1950–60ರ ದಶಕದಲ್ಲಿ. ಭಾರ ಇಲ್ಲದ ಪಾದವನ್ನ ನೆಟ್ಟಗೆ ಹಿಡಿದು ಅಚ್ಚು ತೆಗೆಯೋದು ಅವರ ಕ್ರಮ. ಅದು ನಡಿಗೆಗೆ ಹುಟ್ಟಿದ್ದು. ನಡೆಯುವಾಗ ಹಿಮ್ಮಡಿ ಮೊದಲು ನೆಲ ಮುಟ್ಟುತ್ತೆ, ಹಾಗಾಗಿ ಹಿಮ್ಮಡಿಗೆ ಒಂದು ಪಕ್ಕ ಎತ್ತರ ಕೊಟ್ಟು ನೆಟ್ಟಗೆ ಮಾಡ್ತಾರೆ. ಸೈಕಲ್ಲಲ್ಲಿ ಹಿಮ್ಮಡಿ ಏನನ್ನೂ ಮುಟ್ಟೋದಿಲ್ಲ, ಭಾರವೆಲ್ಲ ಬೆರಳಿನ ಬುಡದ ಮೇಲೆ. ಇವನ ಒಳ ಅಟ್ಟೆಯಲ್ಲಿ ಎತ್ತರ ಬೇಡದ ಹಿಮ್ಮಡೀಲಿತ್ತು, ಮುಂದಿನ ಅಂಚು ಸರಿಯಾಗಿ ಬೆರಳಿನ ಬುಡಕ್ಕೆ ಒತ್ತಿ ನಿಂತಿತ್ತು. ಬೂಟಿನ ಜೊತೆ ಬಂದ ತೆಳು ಅಟ್ಟೆ ತೆಗೆಯದೇ ಅದರ ಮೇಲೇ ಇದನ್ನ ಕೂರಿಸಿದ್ರು. ಕಾಲು ಮೇಲಕ್ಕೆ ಎದ್ದು ಬೂಟಿನ ನೆತ್ತಿಗೆ ಅದುಮುತ್ತಿತ್ತು. ಅಚ್ಚು ತೆಗೆದಿದ್ದು ಬೆಳಗಿನ ತಂಪಲ್ಲಿ. ನಾಲ್ಕು ಗಂಟೆ ತುಳಿದ ಮೇಲೆ ಪಾದ ಊದುತ್ತೆ, ಆ ಊದಿದ ಪಾದದ ಅಳತೆ ಯಾರೂ ತಗೊಂಡಿರಲಿಲ್ಲ.

ಅಳತೆ ಸುಳ್ಳಲ್ಲ. ಸುಮ್ಮನಿದ್ದ ಕಾಲಿನ ಅಳತೆ ಅದು, ದುಡಿಯೋ ಕಾಲಿನದಲ್ಲ.

ಆಮೇಲೆ ಬಸ್ ಸ್ಟ್ಯಾಂಡ್ ಹತ್ತಿರ ಕೊಡೆ ಕೆಳಗೆ ಕೂತು ಚಪ್ಪಲಿ ಹೊಲಿಯೋ ಒಬ್ಬರು, ಫಿಸಿಯೋದೋರು ಪೆನ್ನಲ್ಲಿ ಗುರುತು ಹಾಕಿಕೊಟ್ಟ ಪ್ರಕಾರ ಹಿಮ್ಮಡಿ ಎತ್ತರ ಕೆರೆದು, ಮುಂದಿನ ಅಂಚನ್ನ ಕಾಗದದಷ್ಟು ತೆಳ್ಳಗೆ ಇಳಿಸಿಕೊಟ್ರು. ನಲವತ್ತು ರೂಪಾಯಿ ತಗೊಂಡ್ರು. ಉರಿ ಪೂರ್ತಿ ಹೋಗಿಲ್ಲ, ನೂರು ಕಿಲೋಮೀಟರ್ ದಾಟಿದ ಮೇಲೆ ಇನ್ನೂ ಸ್ವಲ್ಪ ಬರುತ್ತೆ. ಆಗ ನಿಂತು, ಪಟ್ಟಿ ಸಡಿಲ ಮಾಡಿ ಮುಂದೆ ಹೋಗ್ತಾನೆ. ಮಂಡಿ ನೋವು ಕಡಿಮೆ ಆಗೈತೆ.

ಹುಡುಗನಿಗೆ ಉರಿ ಗೊತ್ತಾಯ್ತು, ಅದಕ್ಕೇ ತಿದ್ದಿಸಿಕೊಂಡ. ನನ್ನ ತಮ್ಮನಿಗೆ ಸಕ್ಕರೆ ಕಾಯಿಲೆ. ಐದು ವರ್ಷದ ಹಿಂದೆ ಹೊಸ ಚಪ್ಪಲಿಯ ಉಂಗುಟ ಉಜ್ಜಿ ಗಾಯ ಆಗಿದ್ದು ಅವನಿಗೆ ಗೊತ್ತೇ ಆಗಲಿಲ್ಲ, ಕಾಲುಚೀಲ ಒದ್ದೆಯಾದ ಮೇಲೆ ಮನೆಯೋರು ನೋಡಿದ್ರು. ಹೆಬ್ಬೆರಳು ತೆಗೀಬೇಕಾಯ್ತು. ನಮ್ಮ ಊರಲ್ಲಿ ಅವನ ಹಾಗೆ ಇರೋರು ಒಬ್ಬಿಬ್ಬರಲ್ಲ.

ಅದಕ್ಕೇ ಓದೋರಿಗೆ ನಾಲ್ಕು ಮಾತು. ಯಾರೇ ಆಗಲಿ ನಿಮ್ಮ ಕಾಲಿಗೆ ಅಂತ ಮಾಡಿಕೊಟ್ರೆ, ಅದನ್ನ ಹಾಕಿ ನೀವು ಮಾಡೋ ಕೆಲಸ ಯಾವುದೋ ಅದನ್ನ ಅವರ ಎದುರಿಗೇ ಮಾಡಿ ತೋರಿಸಿ. ಸೈಕಲ್ಲಾದ್ರೆ ಸೈಕಲ್ ಜೊತೆಗೇ ಹೋಗಿ. ಅಳತೆ ಸಾಯಂಕಾಲ ಕೊಡಿ. ಮೊದಲ ದಿನ ಒಂದು ಗಂಟೆ ಹಾಕಿ, ಬಿಚ್ಚಿ, ಎಲ್ಲಿ ಕೆಂಪಾಗಿದೆ ನೋಡಿ. ಅರ್ಧ ಗಂಟೆ ಆದ್ರೂ ಕೆಂಪು ಆರದಿದ್ರೆ ತಿದ್ದಿಸದೆ ಮತ್ತೆ ಹಾಕಬೇಡಿ. ಕಾಲೇ ಒಗ್ಗಬೇಕು ಅಂದ್ರೆ ಒಪ್ಪಬೇಡಿ. ಸಕ್ಕರೆ ಇರೋರು ನೋವನ್ನ ನಂಬಿ ಕೂರಬೇಡಿ. ದಿನಾ ರಾತ್ರಿ ಮಲಗೋ ಮುಂಚೆ ಅಂಗಾಲಿನ ಕೆಳಗೆ ಕನ್ನಡಿ ಹಿಡಿದು ನೋಡಿ, ಕಣ್ಣು ಮಂಜಾಗಿದ್ರೆ ಮನೇಲಿ ಮಕ್ಕಳ ಹತ್ತಿರ ನೋಡಿಸಿ. ಬೆಳಗ್ಗೆ ಚಪ್ಪಲಿಯೊಳಗೆ ಒಂದು ಸಲ ಕೈಯಾಡಿಸಿ ಮೆಟ್ಟಿಕೊಳ್ಳಿ.