ಆಶ್ರಯದಾತೆ ವಾರಾನ್ಸ್ ದೊರೆಸಾನಿ

ಫಲಭರಿತವಾದ ವೃಕ್ಷವನ್ನು ಕಂಡವರೆಲ್ಲರೂ ಕೊಂಡಾಡುವರು. ಅದು ಸಸಿಯಾಗಿದ್ದಾಗ ನೀರೆರೆದವರಾರೆಂದು ವಿಚಾರಿಸುವವರು ವಿರಳ. ಯೂರೋಪು ಖಂಡದ ತತ್ತ್ವಜ್ಞಾನಿಗಳಲ್ಲಿ ರೂಸೋವಿನ ಹೆಸರನ್ನು ವಿದ್ಯಾವಂತರೆಲ್ಲರೂ ಬಲ್ಲರು. ಮಾನವರ ಸ್ವಾತಂತ್ರ್ಯ ಸಮಾನತೆಗಳನ್ನು ಕುರಿತ ಆತನ ವಿಚಾರಗಳು 1789ರ ಫ್ರಾನ್ಸ್ ದೇಶದ ಮಹಾಕ್ರಾಂತಿಗೆ ಪ್ರೇರಕವಾದವು. ಆದರೆ ದಿಕ್ಕಿಲ್ಲದೆ ಅಲೆಯುತ್ತಿದ್ದ ಆತನಿಗೆ ಅನ್ನ ವಸ್ತ್ರ ವಿದ್ಯೆಗಳನ್ನಿತ್ತು ಸಲಹಿದ ವಾರಾನ್ಸ್ ದೊರೆಸಾನಿಯ ಚರಿತ್ರೆಯು ಆ ಕೀರ್ತಿಯ ಹಿಂದೆ ಮರೆಯಾಗಿರುವುದು. ಆಶ್ರಯವಿತ್ತವರ ಹಿರಿಮೆಯನ್ನೂ ಪಡೆದವರ ಋಣವನ್ನೂ ಅರಿಯಬಯಸುವವರು ಅದನ್ನು ಅವಲೋಕಿಸತಕ್ಕದ್ದು.

ಈಕೆಯು ಕ್ರಿ. ಶ. 1699ನೆಯ ಮಾರ್ಚ್ 31ರಂದು ಜಿನೀವಾ ಸರೋವರದ ದಡದಲ್ಲಿರುವ ವೆವೇ ಎಂಬ ಪಟ್ಟಣದ ಕುಲೀನ ಮನೆತನವೊಂದರಲ್ಲಿ ಜನಿಸಿದಳು. ಶೈಶವದಲ್ಲಿಯೇ ತಾಯಿಯು ತೀರಿಕೊಂಡಳು. 1713ರಲ್ಲಿ, 14 ವರ್ಷದ ಬಾಲೆಯಾಗಿರುವಾಗಲೇ, ವಾರಾನ್ಸಿನ ಒಡೆಯನೊಡನೆ ವಿವಾಹವಾಯಿತು. ಸಂತಾನವಾಗಲಿಲ್ಲ, ದಾಂಪತ್ಯದಲ್ಲಿ ಸುಖವೂ ದೊರೆಯಲಿಲ್ಲ. ರೇಷ್ಮೆಯ ಕಾಲುಚೀಲಗಳ ಕಾರ್ಖಾನೆಯೊಂದನ್ನು ತೆರೆದು ನಷ್ಟಕ್ಕೆ ಗುರಿಯಾದಳು. ಕಡೆಗೆ 1726ರಲ್ಲಿ ಪತಿಗೃಹವನ್ನು ತೊರೆದು, ಸರೋವರವನ್ನು ದಾಟಿ ಸವಾಯ್ ಸೀಮೆಯನ್ನು ಸೇರಿ, ಹುಟ್ಟಿದ ಪ್ರೊಟೆಸ್ಟಂಟ್ ಮತವನ್ನು ಬಿಟ್ಟು ಕ್ಯಾಥೊಲಿಕ್ ಮತವನ್ನು ಅವಲಂಬಿಸಿದಳು. ಆ ಸೀಮೆಯನ್ನಾಳುತ್ತಿದ್ದ ವಿಕ್ಟರ್ ಅಮಡಿಯಸ್ ರಾಜನು ಆಕೆಗೆ ವರ್ಷಾಶನವನ್ನು ಗೊತ್ತುಮಾಡಿದನು. ಆಕೆಯು ಅನ್ಸಿ ಎಂಬ ಊರಿನಲ್ಲಿ ನೆಲಸಿ, ತನ್ನಂತೆಯೇ ಮತಾಂತರವನ್ನು ಬಯಸಿ ಬಂದವರನ್ನು ಆದರಿಸುತ್ತಿದ್ದಳು.

1728ನೆಯ ಮಾರ್ಚ್ 21, ಕ್ರೈಸ್ತರ ಗರಿಗಳ ಭಾನುವಾರ. ಅಂದು ಹದಿನೈದು ವರ್ಷದ ಹುಡುಗನೊಬ್ಬನು ಪಾದ್ರಿಯೊಬ್ಬನ ಓಲೆಯನ್ನು ಹಿಡಿದು ಆಕೆಯಿದ್ದಲ್ಲಿಗೆ ಬಂದನು. ಅವನೇ ರೂಸೋ. ಅವನು ಹುಟ್ಟಿದ ಕೆಲವೇ ದಿನಗಳಲ್ಲಿ ತಾಯಿಯು ಗತಿಸಿದ್ದಳು. ತಂದೆಯು ಊರು ಬಿಟ್ಟಿದ್ದನು. ಜಿನೀವಾ ನಗರದಲ್ಲಿ ಕೆತ್ತನೆಯ ಕೆಲಸವನ್ನು ಕಲಿಯುತ್ತಿದ್ದ ಅವನು, ಒಂದು ಸಂಜೆ ಹೊರಗಿನಿಂದ ಹಿಂದಿರುಗುವಷ್ಟರಲ್ಲಿ ಕೋಟೆಯ ಬಾಗಿಲು ಮುಚ್ಚಲು, ಯಜಮಾನನ ದಂಡನೆಗೆ ಅಂಜಿ ಓಡಿಬಂದಿದ್ದನು. ಟ್ಯೂರಿನ್ ನಗರಕ್ಕೆ ಹೋಗಿ ಮತಾಂತರ ಹೊಂದಿ ಮರುವರ್ಷ ಮರಳಿ ಬಂದ ಅವನನ್ನು ಆಕೆಯು ಮನೆಯಲ್ಲಿಯೇ ಇರಿಸಿಕೊಂಡಳು. ಅವನು ಆಕೆಯನ್ನು ‘ಅಮ್ಮ’ ಎಂದೂ, ಆಕೆಯು ಅವನನ್ನು ‘ಮಗು’ ಎಂದೂ ಕರೆಯುತ್ತಿದ್ದರು. ಆಕೆಯು ಅವನಿಗೆ ಸಂಗೀತಶಿಕ್ಷಣವನ್ನು ಕೊಡಿಸಿದಳು. ಮುಂದೆ ಆಕೆಯ ವಾಸವು ಶಾಂಬೇರಿ ನಗರಕ್ಕೆ ಬದಲಾಯಿತು. ಅದರ ಸಮೀಪದ ಶಾರ್ಮೆತ್ ಎಂಬ ತೋಟದ ಮನೆಯಲ್ಲಿ ಅವನು ಲಾಕ್, ಡೆಕಾರ್ಟ್, ಲೈಬ್ನಿಟ್ಸ್ ಮೊದಲಾದವರ ಗ್ರಂಥಗಳನ್ನೂ, ರೇಖಾಗಣಿತವನ್ನೂ, ಲ್ಯಾಟಿನ್ ಭಾಷೆಯನ್ನೂ ಸ್ವಯಂ ಅಭ್ಯಸಿಸಿದನು. ಶಾಲೆಗಳಲ್ಲಿ ಕ್ರಮವಾಗಿ ಕಲಿಯದ ಅವನಿಗೆ ಆ ಮನೆಯೇ ವಿದ್ಯಾಪೀಠವಾಯಿತು.

ಆಕೆಯು ನಿರ್ದೋಷಿಯಾಗಿದ್ದಳೆಂದು ಹೇಳಲಾಗದು. ವಾತ್ಸಲ್ಯವು ಕೆಲಕಾಲದಲ್ಲಿ ಪ್ರಣಯಕ್ಕೆ ತಿರುಗಿತೆಂಬುದನ್ನು ರೂಸೋವೇ ಮರೆಮಾಚದೆ ಬರೆದಿರುವನು. ಆದಾಯವನ್ನು ಮೀರಿ ವೆಚ್ಚಮಾಡುವುದೂ, ಬಂದವರನ್ನೆಲ್ಲ ನಂಬುವುದೂ, ಗಣಿ ಮೊದಲಾದ ಉದ್ಯಮಗಳಲ್ಲಿ ಹಣವನ್ನು ತೊಡಗಿಸಿ ಕೆಡುವುದೂ ಆಕೆಯ ಸ್ವಭಾವವಾಗಿದ್ದಿತು. ಆದರೆ ಕೈಬರಿದಾದಾಗಲೂ ಕೊಡುವ ಗುಣವು ಮಾತ್ರ ಬರಿದಾಗಲಿಲ್ಲ.

ರೂಸೋ 1742ರಲ್ಲಿ ಪ್ಯಾರಿಸನ್ನು ಸೇರಿದನು. 1750ರಲ್ಲಿ ದಿಜಾನ್ ವಿದ್ವತ್ಪರಿಷತ್ತಿನ ಬಹುಮಾನವನ್ನು ಪಡೆದು ವಿಖ್ಯಾತನಾದನು. ಅತ್ತ ಅವನ ಕೀರ್ತಿಯು ಏರುತ್ತಿರಲು, ಇತ್ತ ಆಕೆಯು ಸಾಲದಲ್ಲಿ ಮುಳುಗುತ್ತಿದ್ದಳು. 1754ರಲ್ಲಿ ಆಕೆಯನ್ನು ಕಂಡಾಗ ಅವನಿಗೆ ಗುರುತೇ ಹತ್ತದಷ್ಟು ದೈನ್ಯವು ಆವರಿಸಿದ್ದಿತು. ತನ್ನೊಡನೆ ಬಂದಿರೆಂದು ಅವನು ಕರೆದರೂ, ವರ್ಷಾಶನದ ಆಸೆಯಿಂದ ಆಕೆಯು ಒಪ್ಪಲಿಲ್ಲ. ಅವನು ಅಲ್ಪ ಧನವನ್ನು ಮಾತ್ರ ಕೊಟ್ಟನು. ಆಗ ಆಕೆಯಲ್ಲಿ ಉಳಿದಿದ್ದ ಒಡವೆಯೆಂದರೆ ಒಂದು ಸಣ್ಣ ಉಂಗುರ. ಅದನ್ನೂ ತೆಗೆದು ಅವನ ಸಂಗಾತಿಯಾದ ತೆರೆಸ್ ಎಂಬವಳ ಬೆರಳಿಗೆ ತೊಡಿಸಿದಳು. ತೆರೆಸಳು ಕೂಡಲೇ ಅದನ್ನು ಆಕೆಯ ಬೆರಳಿಗೇ ಹಿಂದಿರುಗಿಸಿ, ಆ ಕೈಯನ್ನು ಕಣ್ಣೀರಿನಿಂದ ತೋಯಿಸಿದಳು.

1762ರಲ್ಲಿ ರೂಸೋವಿನ ‘ಎಮೀಲ್’, ‘ಸಾಮಾಜಿಕ ಒಡಂಬಡಿಕೆ’ ಎಂಬ ಮಹಾಗ್ರಂಥಗಳೆರಡೂ ಪ್ರಕಟವಾದವು. ಜಿನೀವಾದ ಅಧಿಕಾರಿಗಳು ಅವನ್ನು ಸುಡಿಸಿದರು. ಪ್ಯಾರಿಸಿನಲ್ಲಿ ಬಂಧನದ ಆಜ್ಞೆಯಾಗಲು ಅವನು ದೇಶಭ್ರಷ್ಟನಾದನು. ಅದೇ ವರ್ಷದ ಜುಲೈ 29ರಂದು ದೊರೆಸಾನಿಯು ಶಾಂಬೇರಿಯಲ್ಲಿ ಕಡುಬಡತನದಲ್ಲಿ ದೇಹವಿಟ್ಟಳು. ಅಂತ್ಯಕಾಲದಲ್ಲಿ ಅವನು ಬಳಿಯಲ್ಲಿರಲಿಲ್ಲ.

ಎಲ್ಲವನ್ನೂ ಬಿಟ್ಟು ಆಕೆಯ ಕಷ್ಟದಲ್ಲಿ ಭಾಗಿಯಾಗಬೇಕಾಗಿದ್ದಿತು, ಹಾಗೆ ಮಾಡದೆ ಕೃತಘ್ನನಾದೆನೆಂದು ರೂಸೋ ಆತ್ಮಚರಿತ್ರೆಯಲ್ಲಿ ಪರಿತಪಿಸಿರುವನು. 1778ರ ಗರಿಗಳ ಭಾನುವಾರದಂದು, ಮೊದಲ ದರ್ಶನಕ್ಕೆ ಐವತ್ತು ವರ್ಷ ತುಂಬಿದುದನ್ನು ನೆನೆದು, ಅವನು ಆಕೆಯನ್ನು ಕುರಿತು ಬರೆಯತೊಡಗಿದನು. ವಿದ್ಯೆಯನ್ನು ಗಳಿಸಿ ಆ ಉಪಕಾರವನ್ನು ಒಂದು ದಿನ ತೀರಿಸಬೇಕೆಂದು ತಾರುಣ್ಯದಲ್ಲಿ ತಾನು ಬಯಸಿದ್ದ ಸಂಗತಿಯವರೆಗೆ ಬಂದು ಆ ಬರಹವು ನಿಂತಿತು. ಅದೇ ವರ್ಷದ ಜುಲೈ 2ರಂದು ಅವನು ಕಾಲವಶನಾದನು.

ಬರಹವೂ ಪೂರ್ಣವಾಗಲಿಲ್ಲ, ಋಣವೂ ತೀರಲಿಲ್ಲ. ಲೋಕಕ್ಕೆ ಸಮತೆಯನ್ನು ಬೋಧಿಸುವುದಕ್ಕಿಂತ ಅನ್ನವಿಟ್ಟ ಒಬ್ಬರ ಮುಪ್ಪಿಗೆ ಆಸರೆಯಾಗುವುದು ಕಷ್ಟತರವೆಂಬುದನ್ನು ಆ ಮಹಾಪಂಡಿತನ ಜೀವನವೇ ತೋರಿಸುವುದು. ದೊರೆಸಾನಿಯಾದರೋ ಪ್ರತಿಫಲವನ್ನು ಎಣಿಸಿ ಕೊಟ್ಟವಳಲ್ಲ. ಕಡೆಯ ಉಂಗುರವನ್ನು ತೊಡಿಸಿದ ಕೈಯೇ ಅದಕ್ಕೆ ಸಾಕ್ಷಿ.