ಎಚ್‌ಐವಿ ಮಾತ್ರೆ ಬದಲಾಯಿತು, ಕಿಡ್ನಿ ಪರೀಕ್ಷೆ ಬಂತು

ಸಕಲೇಶಪುರ, ಆಲೂರು ಕಡೆ ಎಚ್‌ಐವಿ ಅಂದರೆ ಈಗಲೂ ದನಿ ತಗ್ಗುತ್ತದೆ. ಕಿಡ್ನಿ ಕಾಯಿಲೆ ಹಾಗಲ್ಲ, ಬಸ್ಸಿನಲ್ಲೇ ಚರ್ಚೆಯಾಗುತ್ತದೆ. ಎರಡೂ ಒಬ್ಬರಿಗೇ ಬಂದರೆ? ಇದನ್ನು ತಿಳಿಯಲು ನಾವು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಮದ್ರಾಸಿನಲ್ಲಿ. ಅದಕ್ಕೂ ಎರಡು ವರ್ಷ ಮೊದಲೇ ಅಮೆರಿಕದ ವೈದ್ಯರು ಏಡ್ಸ್ ರೋಗಿಗಳ ಕಿಡ್ನಿ ಬೇಗ ಕೆಡುವುದನ್ನು ದಾಖಲಿಸಿದ್ದರು. ನಮ್ಮಲ್ಲಿ ಆಗ ಕಿಡ್ನಿಯ ಚಿಂತೆ ಯಾರಿಗಿತ್ತು? ಔಷಧಿ ಬಡವರ ಕೈಗೆ ಸಿಗುತ್ತಿರಲಿಲ್ಲ, ಅಷ್ಟರೊಳಗೆ ಕ್ಷಯವೋ ಭೇದಿಯೋ ಜೀವ ತೆಗೆಯುತ್ತಿತ್ತು. 2004ರ ಏಪ್ರಿಲ್ 1ರಿಂದ ಸರ್ಕಾರ ಎಆರ್‌ಟಿ ಮಾತ್ರೆಗಳನ್ನು ಉಚಿತವಾಗಿ ಕೊಡತೊಡಗಿತು. ಮೊದಲ ಹಂತದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು.

ಆಗಿನ ಮಾತ್ರೆಗಳಲ್ಲಿ ಸ್ಟಾವುಡಿನ್ ಎಂಬುದೊಂದು. ಜೀವ ಉಳಿಸಿತು ನಿಜ. ಆದರೆ ವರ್ಷಗಟ್ಟಲೆ ನುಂಗಿದ ಹಲವರ ಕೆನ್ನೆ ಗುಳಿ ಬಿತ್ತು, ಪಾದ ಉರಿಯಿತು. ಮುಚ್ಚಿಟ್ಟ ಕಾಯಿಲೆಯನ್ನು ಮುಖವೇ ಊರಿಗೆಲ್ಲ ಹೇಳುತ್ತಿತ್ತು. 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಹಂತಹಂತವಾಗಿ ಕೈಬಿಡಿ ಎಂದಿತು. ಆಮೇಲೆ ಮುಂದೆ ಬಂದದ್ದು ಟೆನೊಫೊವಿರ್. ಈಗ ಡೊಲುಟೆಗ್ರಾವಿರ್ ಜೊತೆ ಸೇರಿ ದಿನಕ್ಕೊಂದೇ ಮಾತ್ರೆಯಾಗಿ ಸಿಗುತ್ತದೆ.

ಇದು ಮುಖ ಕೆಡಿಸುವುದಿಲ್ಲ. ಆದರೆ ಕೆಲವರಲ್ಲಿ ಕಿಡ್ನಿಯ ಸಣ್ಣ ನಳಿಕೆಗಳಿಗೆ ಪೆಟ್ಟು ಕೊಡುತ್ತದೆ, ಮತ್ತು ಅದು ಹೊರಗೆ ಕಾಣುವುದೇ ಇಲ್ಲ. ಕಾಲು ಊದಿಕೊಳ್ಳುವಷ್ಟರಲ್ಲಿ ತಡವಾಗಿರಬಹುದು. ಅದಕ್ಕೇ ಆರು ತಿಂಗಳಿಗೊಮ್ಮೆ ಕ್ರಿಯಾಟಿನಿನ್ ರಕ್ತ ಪರೀಕ್ಷೆ. ಬೇಗ ಗೊತ್ತಾದರೆ ವೈದ್ಯರು ಟೆನೊಫೊವಿರ್ ನಿಲ್ಲಿಸಿ ಅಬಾಕವಿರ್ ಕೊಡುತ್ತಾರೆ, ಬೇಕಿದ್ದರೆ ಬೇರೆ ಮಾತ್ರೆಯ ಪ್ರಮಾಣ ಇಳಿಸುತ್ತಾರೆ. ಇಲ್ಲೊಂದು ಮಾತು: ಡೊಲುಟೆಗ್ರಾವಿರ್ ಶುರುವಾದಾಗ ಕಿಡ್ನಿ ಚೆನ್ನಾಗಿದ್ದರೂ ಕ್ರಿಯಾಟಿನಿನ್ ತುಸು ಏರುತ್ತದೆ. ರಿಪೋರ್ಟ್ ನೋಡಿ ಹೆದರಿ ಮಾತ್ರೆ ಬಿಟ್ಟರೆ ವೈರಸ್ಸಿಗೆ ಬಾಗಿಲು ತೆರೆದ ಹಾಗೆ.

ನಮ್ಮ ಕಾಫಿ ತೋಟಗಳ ಕಡೆ ಇನ್ನೊಂದು ಅಪಾಯ ನೋವಿನ ಮಾತ್ರೆ. ಹಣ್ಣು ಕೊಯ್ದು ಸೊಂಟ ಹಿಡಿದರೆ ಅಂಗಡಿಯಿಂದ ಡೈಕ್ಲೋಫೆನಾಕ್ ತಂದು ನುಂಗುವುದು ರೂಢಿ. ಟೆನೊಫೊವಿರ್ ತೆಗೆದುಕೊಳ್ಳುವವರ ಕಿಡ್ನಿಗೆ ಅದು ಎರಡನೇ ಪೆಟ್ಟು. ಎಚ್‌ಐವಿ ವಿಷಯ ಯಾರಿಗೂ ಹೇಳದವರು ಮೆಡಿಕಲ್ ಶಾಪಿನವರಿಗೆ ಹೇಳಿಯಾರೇ? ಹೇಳದವರನ್ನು ನಾವು ಬೈಯುವುದಿಲ್ಲ. ಊರು ಚಿಕ್ಕದು. ಆದರೆ ಎಆರ್‌ಟಿ ಕೇಂದ್ರದ ಡಾಕ್ಟರಿಗಾದರೂ ನುಂಗುವ ಮಾತ್ರೆಗಳನ್ನೆಲ್ಲ ತೋರಿಸಬೇಕು.

ಕಿಡ್ನಿ ಪೂರ್ತಿ ಕೈಕೊಟ್ಟರೂ ದಾರಿ ಇದೆ. 2008ರಲ್ಲಿ ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಲ್ಲಿ ಡಾ. ಎಲ್ಮಿ ಮುಲ್ಲರ್ ಎಚ್‌ಐವಿ ಇದ್ದು ಮೃತರಾದವರ ಕಿಡ್ನಿಯನ್ನು ಎಚ್‌ಐವಿ ಇರುವ ರೋಗಿಗಳಿಗೇ ಕಸಿ ಮಾಡಿದರು. ನಮ್ಮವರಿಗೆ ಹತ್ತಿರದ್ದು ಡಯಾಲಿಸಿಸ್. 2016ರಿಂದ ಕೇಂದ್ರದ ಯೋಜನೆಯಲ್ಲಿ ಬಡವರಿಗೆ ಅದು ಉಚಿತ. ಎಚ್‌ಐವಿಗೆ ಬೇರೆ ಯಂತ್ರ ಬೇಕಿಲ್ಲ, ಎಲ್ಲ ರೋಗಿಗಳಿಗೂ ಪಾಲಿಸಬೇಕಾದ ಶುಚಿತ್ವದ ಕ್ರಮಗಳೇ ಸಾಕು. ಎಚ್‌ಐವಿ ಕಾರಣಕ್ಕೆ ಚಿಕಿತ್ಸೆ ನಿರಾಕರಿಸುವುದು 2017ರ ಕಾಯ್ದೆಯ ಪ್ರಕಾರ ತಪ್ಪು. ಅದು ಜಾರಿಗೆ ಬಂದದ್ದು 2018ರ ಸೆಪ್ಟೆಂಬರ್ 10ರಂದು. ಮಾಹಿತಿ ಬೇಕಾದವರು 1097ಕ್ಕೆ ಕರೆ ಮಾಡಬಹುದು, ದುಡ್ಡು ಕೊಡಬೇಕಿಲ್ಲ.